ಕಿಂಡಿಯ ಕೆಳಗಿನ ಕಪ್ಪು ಉಂಡೆಗಳು

“ಆರನೇ ಕ್ಲಾಸಲ್ಲಿ ಡುಮ್ಕಿ ಹೊಡೆದು ಓಡಿಹೋದವನು ನನಗೆ ಪಾಠ ಹೇಳ್ತಾನಂತೆ. ಬಾಯಿ ಮುಚ್ಕೊಂಡು ಜಾಲರಿ ಬಿಗಿ.”

ಹೆಡ್‌ಮಾಸ್ಟರು ಇದನ್ನು ಹೇಳಿದ್ದು ಶಾಲೆಯ ಅಂಗಳದಲ್ಲಿ, ನಲವತ್ತು ಮಕ್ಕಳ ಎದುರಿಗೆ. ಮಕ್ಕಳು ಕಿಸಕ್ಕನೆ ನಕ್ಕರು. ನಾನು ಏಣಿಯ ಮೇಲಿದ್ದೆ. ಕೈಯಲ್ಲಿ ನಾನೇ ವೆಲ್ಡ್ ಮಾಡಿ ತಂದ ಕಬ್ಬಿಣದ ಜಾಲರಿ. ಶಾಲೆಯ ಉಗ್ರಾಣದ ಕಿಂಡಿಗೆ ಅದನ್ನು ಕೂರಿಸಬೇಕಿತ್ತು. ಒಳಗಿಂದ ಬುಸ್ ಬುಸ್ ಅನ್ನುವ ಸದ್ದು ಬರುತ್ತದೆ, ಮಕ್ಕಳು ಹೆದರುತ್ತಾರೆ ಎಂಬುದು ಅವರ ದೂರು.

ಇಣುಕಿದರೆ ಒಳಗೆ ಬಿಳಿ ಮುಖದ ಗೂಬೆ. ಅದರ ಪಕ್ಕ ಹತ್ತಿಯ ಮುದ್ದೆಯಂಥ ಮೂರು ಮರಿ. ಬುಸುಗುಡುತ್ತಿದ್ದುದು ಅವೇ. ಜಾಲರಿ ಬಿಗಿದರೆ ತಾಯಿ ಮಕ್ಕಳೆಲ್ಲ ಹಸಿದು ಸಾಯುತ್ತವೆ. ಅಷ್ಟನ್ನೇ ನಾನು ಹೇಳಿದ್ದು.

ಮೈಯೆಲ್ಲ ಉರಿದುಹೋಯಿತು. ಆ ಉಗ್ರಾಣದ ಹೊರಗೋಡೆಯ ತುಂಬ ಸಿಂಹ, ಜಿರಾಫೆ, ಹಿಮಕರಡಿಯ ಚಿತ್ರಗಳು. ಕೆಳಗೆ ದಪ್ಪಕ್ಷರದಲ್ಲಿ ‘ವನ್ಯಜೀವಿಗಳನ್ನು ರಕ್ಷಿಸೋಣ’. ಇವರು ರಕ್ಷಿಸುವುದು ಕಣ್ಣಿಗೇ ಕಾಣದ ಹಿಮಕರಡಿಯನ್ನು. ಅದರ ನೆತ್ತಿಯ ಮೇಲೇ ಇರುವ ಗೂಬೆಗೆ ಜಾಲರಿ.

ಏಣಿ ಇಳಿದೆ. ಗೋಡೆಯ ಬುಡದಲ್ಲಿ ಹೆಬ್ಬೆರಳ ಗಾತ್ರದ ಕಪ್ಪು ಉಂಡೆಗಳು ಬಿದ್ದಿದ್ದವು. ಒಂದನ್ನೆತ್ತಿ ಎರಡು ಜಡೆಯ ಹುಡುಗಿಯೊಬ್ಬಳ ಮುಂದೆ ಕಲ್ಲಿನ ಮೇಲಿಟ್ಟೆ.

“ಥೂ, ಕಕ್ಕಸು,” ಅಂದಳು.

“ಅಲ್ಲ ಕಣಮ್ಮ. ಗೂಬೆ ಇಲೀನ ಇಡಿಯಾಗಿ ನುಂಗುತ್ತೆ. ಅರಗದ ಕೂದಲು, ಮೂಳೆ ಎಲ್ಲ ಉಂಡೆ ಕಟ್ಟಿ ಕಕ್ಕುತ್ತೆ. ಕಡ್ಡಿ ತಗೊಂಡು ಬಿಡಿಸು.”

ಬಿಡಿಸಿದಳು. ಬೂದುಬಣ್ಣದ ಕೂದಲ ನಡುವಿಂದ ಉಗುರಿನಷ್ಟು ಪುಟ್ಟ ತಲೆಬುರುಡೆ ಹೊರಬಂತು, ಹಲ್ಲು ಸಮೇತ. ನಗುತ್ತಿದ್ದವರೆಲ್ಲ ಬಗ್ಗಿ ನೋಡಿದರು. ಮರುಗಳಿಗೆಗೆ “ಅಣ್ಣ ನನಗೊಂದು, ಅಣ್ಣ ನನಗೊಂದು” ಎಂದು ಮುತ್ತಿಕೊಂಡರು. ಕಲ್ಲಿನ ಮೇಲೆ ಬುರುಡೆಗಳನ್ನು ಸಾಲಾಗಿ ಜೋಡಿಸಿದರು. ಐವತ್ತೊಂದಕ್ಕೆ ಉಂಡೆ ಮುಗಿದವು.

ಗದ್ದಲ ಕೇಳಿ ಬಂದ ಅಡುಗೆಯಕ್ಕ ಸೊಂಟಕ್ಕೆ ಕೈಯಿಟ್ಟು ನೋಡಿದಳು. “ಅದಕ್ಕೇ ಇತ್ತೀಚೆಗೆ ಉಗ್ರಾಣದ ಒಂದು ಅಕ್ಕಿ ಮೂಟೆನೂ ತೂತಾಗಿಲ್ಲ. ಆ ಸೋಮಾರಿ ಬೆಕ್ಕಿಗೆ ಸುಮ್ಮನೆ ಹಾಲು ಸುರಿದೆನಲ್ಲಪ್ಪ.”

“ಆಯ್ತಾ ನಾಟಕ?” ಅಂದರು ಹೆಡ್‌ಮಾಸ್ಟರು. “ಎಲ್ಲ ಕೈ ತೊಳ್ಕೊಂಡು ಕ್ಲಾಸಿಗೆ ನಡೀರಿ. ಏಯ್, ನೀನು ಏಣಿ ಹತ್ತು.”

ಎರಡು ಜಡೆಯವಳು ಹೋಗಿ ಏಣಿಯ ಮೊದಲ ಮೆಟ್ಟಿಲ ಮೇಲೆ ಕೂತಳು. ಅವಳ ಪಕ್ಕ ಇನ್ನೊಬ್ಬ ತೂರಿಕೊಂಡ. ನೋಡನೋಡುತ್ತ ಏಣಿಯ ಸುತ್ತ ಕಾಲಿಡಲು ಜಾಗ ಉಳಿಯಲಿಲ್ಲ.

“ಏಳಮ್ಮ ಮೇಲೆ,” ಅಂದರು ಅವರು.

“ರಕ್ಷಿಸೋಣ ಅಂತ ಬರೆಸಿದ್ದು ನೀವೇ ಅಲ್ವಾ ಸರ್?”

ಅಡುಗೆಯಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಹೆಡ್‌ಮಾಸ್ಟರು ಗೋಡೆ ನೋಡಿದರು, ಬುರುಡೆಗಳ ಸಾಲು ನೋಡಿದರು. ಒಳಗಿಂದ ಮರಿಗಳು ಬುಸ್ಸೆಂದವು. ಈ ಸಲ ಒಂದು ಮಗುವೂ ಹೆದರಲಿಲ್ಲ.

“ಜಾಲರಿ ಬೇಡ,” ಎಂದರು ಕೊನೆಗೆ. “ಆ ಕಿಂಡೀನ ಯಾರೂ ಮುಟ್ಟಬಾರದು.”

ಮಕ್ಕಳ ಕೇಕೆಗೆ ಅಂಗಳ ಅದುರಿತು. ಒಬ್ಬ ಆಗಲೇ ಸೀಮೆಸುಣ್ಣ ಹಿಡಿದು ಹಿಮಕರಡಿಯ ತಲೆಯ ಮೇಲೆ ಗೂಬೆ ಬರೆಯುತ್ತಿದ್ದ. ಅದರ ಕಣ್ಣು ತಟ್ಟೆಯಷ್ಟಿತ್ತು.

ಗೂಬೆಯ ಈ ಪಾಠ ನಾನು ಕಲಿತದ್ದು ಕಾಳಿನ ಗೋದಾಮು ಕಾಯುತ್ತಿದ್ದ ತಾತನಿಂದ. ಅಲ್ಲಿಯ ಕಿಂಡಿಯನ್ನು ಅವನು ಒಂದು ದಿನವೂ ಮುಚ್ಚಗೊಟ್ಟಿರಲಿಲ್ಲ.

“ಇಷ್ಟೆಲ್ಲ ಎಲ್ಲಿ ಓದಿದ್ರಿ ನೀವು?” ಹೆಡ್‌ಮಾಸ್ಟರು ಕೇಳಿದರು, ಅದೇ ನಲವತ್ತು ಮಕ್ಕಳ ಎದುರಿಗೆ.

“ತಾತ ಕಾಯ್ತಿದ್ದ ಗೋದಾಮಲ್ಲಿ ಸರ್,” ಎಂದು ಜಾಲರಿಯನ್ನು ಹೆಗಲಿಗೇರಿಸಿಕೊಂಡು ಗೇಟಿನ ಕಡೆ ನಡೆದೆ.