ಮಾಡು ಹೊದಿಸಲು ಒಂದು ದಿನ

"ಮೀನು ಮುಗೀಲಿ, ಆಮೇಲೆ ನೋಡೋಣ," ಅಂದ ಗಾಸ್ಪರ್.

ಇಲಾರಿಯಾ ಬೇಯಿಸಿದ ಗೆಣಸಿನ ತಟ್ಟೆಯನ್ನು ಗಂಡನ ಮುಂದೆ ಇಡಲಿಲ್ಲ, ಕುಕ್ಕಿದಳು. ಈ ಮಾತನ್ನು ಅವಳು ಕೇಳುತ್ತಿರುವುದು ಇದು ಏಳನೆಯ ವರ್ಷ. ಮಾತಿಗೆ ಮಳೆ ತಡೆಯುವ ಶಕ್ತಿ ಇದ್ದಿದ್ದರೆ ಗಂಡನ ಮಾತುಗಳನ್ನೇ ಮನೆಯ ಸೋರುವ ಮಾಡಿಗೆ ಹೊದಿಸಿ ಸುಮ್ಮನಾಗಿಬಿಡುತ್ತಿದ್ದಳು.

ಬತಾನ್ ದ್ವೀಪದಲ್ಲಿ ಹಳೆಯ ಹುಲ್ಲು ಕಿತ್ತು ಹೊಸ ಮಾಡು ಹೊದಿಸಲು ವರ್ಷಕ್ಕೆ ಮೂರೇ ತಿಂಗಳು: ಮಾರ್ಚ್, ಏಪ್ರಿಲ್, ಮೇ. ಅರಯು ಮೀನು ದಂಡು ಕಟ್ಟಿಕೊಂಡು ದಡದತ್ತ ಬರುವುದೂ ಅದೇ ಮೂರು ತಿಂಗಳು. ಜೂನ್ ಹುಟ್ಟಿತೆಂದರೆ ಚಂಡಮಾರುತಗಳು ಒಂದರ ಬಾಲ ಹಿಡಿದು ಇನ್ನೊಂದು ಬರುತ್ತವೆ. ಆಗ ಮಾಡಿನ ಮೇಲೆ ಹಗ್ಗದ ಬಲೆ ಬೀಸಿ, ನೆಲದ ಗೂಟಗಳಿಗೆ ಬಿಗಿದು, ಬಾಗಿಲು ಹಾಕಿಕೊಂಡು ಕೂರುವುದೊಂದೇ ಕೆಲಸ. ಅವು ಮುಗಿದವು ಅನ್ನುವಷ್ಟರಲ್ಲಿ ಈಶಾನ್ಯದ ಗಾಳಿ, ಅದರ ಬೆನ್ನಿಗೆ ಫೆಬ್ರವರಿಯವರೆಗೂ ಬಿಡದ ಜಿನುಗು ಮಳೆ. ಹುಲ್ಲು ಒಣಗುವ ಮಾತೇ ಇಲ್ಲ. ಮತ್ತೆ ಮಾರ್ಚ್, ಮತ್ತೆ ಮೀನು. ಗಾಸ್ಪರನ ಬಾಯಲ್ಲಿ ನೆಪಗಳು ಗಾಣದೆತ್ತಿನಂತೆ ಸುತ್ತುತ್ತಿದ್ದವು. ಮೀನು ಮುಗಿಯಲಿ, ಗಾಳಿ ಮುಗಿಯಲಿ, ಜಿನುಗು ನಿಲ್ಲಲಿ, ಹುಲ್ಲು ಬಲಿಯಲಿ.

ಊರಿನ ಉಳಿದವರಿಗೇನು ಮೀನು ಬೇಡವೇ? ಬೇಕು. ಆದರೆ ಯಾರ ಮನೆಯ ಮಾಡಾದರೂ ಬಿಚ್ಚುವ ದಿನ ಊರ ಹಿರಿಯ ಸಿಲ್ವೆರಿಯೊನ ಮನೆಯ ಶಂಖ ಕೂಗಿತೆಂದರೆ ಅವರೆಲ್ಲ ಆ ಒಂದು ದಿನದ ಮೀನನ್ನು ಸಮುದ್ರಕ್ಕೇ ಬಿಟ್ಟು ಬರುತ್ತಾರೆ. ಗಂಡಸರು ಮೇಲೆ ಹತ್ತಿ ಕಟ್ಟುತ್ತಾರೆ, ಹೆಂಗಸರು ಕೆಳಗಿನಿಂದ ಹುಲ್ಲು ಕೊಡುತ್ತಾರೆ, ಅಡುಗೆ ಮಾಡುತ್ತಾರೆ. ಗಾಸ್ಪರ್ ಮಾತ್ರ ಅಂಥ ದಿನ ದೋಣಿ ಇಳಿಸುತ್ತಿದ್ದ. "ನಾನು ತರೋ ಮೀನು ಅವರ ಊಟಕ್ಕೇ ಆಯ್ತಲ್ಲ," ಅನ್ನುತ್ತಿದ್ದ. ಅವನು ತರುತ್ತಿದ್ದದ್ದು ನಿಜ. ಇಲಾರಿಯಾ ಆ ಮೀನು ಹಿಡಿದುಕೊಂಡು, ಬೆನ್ನಿನವರೆಗೆ ಇಳಿಯುವ ನಾರಿನ ಗೊರಬು ತಲೆಗೇರಿಸಿಕೊಂಡು, ಒಬ್ಬಳೇ ಹೋಗಿ ದುಡಿದು ಬರುತ್ತಿದ್ದಳು.

ಅವರ ಮನೆಯ ಗೋಡೆಗೆ ಏನೂ ಆಗಿರಲಿಲ್ಲ. ಕಲ್ಲು ಸುಣ್ಣದ ಮೂರಡಿ ದಪ್ಪದ ಗೋಡೆ, ಇನ್ನೂ ನೂರು ವರ್ಷ ಜಗ್ಗದು. ಮಾಡು ಮಾತ್ರ ಮೂವತ್ತು ದಾಟಿ ಮುದಿಯಾಗಿತ್ತು. ಮೊದಲು ಅಡುಗೆ ಒಲೆಯ ಹತ್ತಿರ ಸೋರಿತು. ಆಮೇಲೆ ಮಂಚದ ಮೇಲೆ, ಅದೂ ಇಲಾರಿಯಾ ಮಲಗುವ ಗೋಡೆಯ ಬದಿಗೆ. ಮಗಳ ಮದುವೆಯ ಮುನ್ನಾದಿನ ಪಾದ್ರಿಗಳು ಬಂದು ಕೂತಿದ್ದಾಗ ಅವರ ಬೋಳುತಲೆಯ ಮೇಲೆ ಕಂದು ಬಣ್ಣದ ತೊಟ್ಟು ಬಿತ್ತು. ಅವರು ಕೈಯಿಂದ ಒರೆಸಿಕೊಂಡು, "ನನಗೆ ದೀಕ್ಷಾಸ್ನಾನ ಆಗಿದೆ ತಾಯಿ, ಮತ್ತೆ ಬೇಡ," ಅಂದರು. ಎಲ್ಲರೂ ನಕ್ಕರು. ಇಲಾರಿಯಾಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹೋದ ಸೆಪ್ಟೆಂಬರಿನ ಚಂಡಮಾರುತ ಮಾಡಿನ ನೆತ್ತಿಯನ್ನೇ ಸಡಿಲಿಸಿ ಹೋಗಿತ್ತು. ಇನ್ನೊಂದು ಬಂದರೆ ಮಾಡು ಉಳಿಯುವುದಿಲ್ಲ ಎನ್ನುವುದು ಕುರುಡನಿಗೂ ಕಾಣುವ ಸಂಗತಿ. ಮಾಡು ಹೋದ ಮನೆಯಲ್ಲಿ ರಾತ್ರಿಯಿಡೀ ಗಾಳಿ ಮಳೆಗೆ ಸಿಕ್ಕವರನ್ನು ಮರುದಿನ ಹೊತ್ತು ತಂದದ್ದನ್ನು ಅವಳು ಚಿಕ್ಕವಳಿದ್ದಾಗ ನೋಡಿದ್ದಳು.

ಪಕ್ಕದ ಮನೆಯ ಕೊನ್ರಾಡಾ, "ತಗಡು ಹಾಕ್ಸಿಬಿಡೇ, ಗಂಡನ್ನ ಕೇಳ್ತಾ ಕೂತ್ರೆ ಮುದುಕಿ ಆಗ್ತೀಯ," ಅಂದಳು.

"ನಿನ್ನ ತಗಡು ಈಗ ಎಲ್ಲಿದೆ ಕೊನ್ರಾಡಾ?"

ಕೊನ್ರಾಡಾ ಗುಡ್ಡದ ಕಡೆ ನೋಡಿದಳು. ಅವಳ ತಗಡು ಎರಡೇ ವರ್ಷಕ್ಕೆ ಹಾರಿ ಹೋಗಿ ಮೇಕೆ ಮೇಯುವ ಗುಡ್ಡದ ಮೇಲೆ ಚಾಪೆಯಂತೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು.

ಈ ವರ್ಷ ಇಲಾರಿಯಾ ಯಾರನ್ನೂ ಕೇಳದೆ ಗುಡ್ಡಕ್ಕೆ ಹೋಗಿ ತಾನೇ ಮುಳಿಹುಲ್ಲು ಕೊಯ್ದಳು. ಮಾರ್ಚ್ ಪೂರ್ತಿ ಕೊಯ್ದಳು, ಒಣಗಿಸಿದಳು, ಕಟ್ಟು ಕಟ್ಟಿ ತಲೆಯ ಮೇಲೆ ಹೊತ್ತು ತಂದಳು. ಅಂಗೈಯೆಲ್ಲ ಹುಲ್ಲಿನ ಅಲಗು ಗೀರಿ ಹೋಯಿತು. ಒಟ್ಟಿದ ಬಣವೆ ಅಡುಗೆಮನೆಯ ಬೆಳಕನ್ನೇ ನುಂಗಿತು. ಇನ್ನು ಗಂಡ ಇಲ್ಲ ಅನ್ನಲಾರ ಅಂದುಕೊಂಡಿದ್ದಳು.

"ಹುಲ್ಲು ಬಲಿತಿದೆ, ಒಣಗಿದೆ, ಮನೆ ಒಳಗೇ ಇದೆ. ಈಗೇನಂತೀಯ?"

"ನಾನು ದಿನಾ ಸಮುದ್ರಕ್ಕೆ ಹೋಗ್ತಿದೀನಲ್ಲೇ. ಗಂಟು ಹೆಂಗೆ ಬಿಚ್ಚೋದು?"

ಒಂದು ದಿನ ದೋಣಿ ಇಳಿಸದೆ ಇರು ಅಂದರೆ ಅವನು ಇರುವವನಲ್ಲ. ದೋಣಿ ನೀರಿನಲ್ಲಿರುವಷ್ಟು ಹೊತ್ತು ಬೆಸ್ತನ ಮನೆಯಲ್ಲಿ ಒಂದು ಗಂಟನ್ನೂ ಬಿಚ್ಚಬಾರದು. ಬಿಚ್ಚಿದರೆ ಗಾಳಕ್ಕೆ ಬಿದ್ದ ಮೀನು ಜಾರುತ್ತದೆ, ಕೆಲವು ಸಲ ಮನುಷ್ಯನೇ ಜಾರುತ್ತಾನೆ. ಮೀನಿನ ಕಾಲದಲ್ಲಿ ಅವಳು ತುರುಬನ್ನು ಸಹ ಗಂಡ ದಡ ಸೇರಿದ ಮೇಲೆಯೇ ಬಿಚ್ಚುವವಳು. ಹುಲ್ಲಿನ ಮಾಡು ಅಂದರೆ ಸಾವಿರ ಗಂಟು. ತನ್ನ ಹುಲ್ಲಿನ ಬಣವೆಯ ಪಕ್ಕದಲ್ಲಿ ಕೂತು ಅವಳು ಅತ್ತಳು. ದುಃಖಕ್ಕಲ್ಲ, ರೇಗಿ ಅತ್ತಳು. ಇದೂ ಜೂನ್‌ವರೆಗೆ ಹೀಗೇ ಬಿದ್ದರೆ ಬೂಸ್ಟು ಹಿಡಿದು ಗೊಬ್ಬರವಾಗುತ್ತದೆ.

ಏಪ್ರಿಲ್ ಕೊನೆಯಲ್ಲಿ ಒಂದು ಬೆಳಿಗ್ಗೆ ಗಾಸ್ಪರ್ ಹೋದ ಹಾಗೆಯೇ ವಾಪಸು ಬಂದ. ಸಮುದ್ರ ಉಬ್ಬುತ್ತಿತ್ತು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ, ಬಿಸಿಲು ಚುರುಗುಟ್ಟುತ್ತಿದೆ, ಆದರೆ ಎಲ್ಲೋ ದೂರದಿಂದ ಬಂದ ಅಲೆಗಳು ದಡದ ಬಂಡೆಗೆ ಅಪ್ಪಳಿಸುತ್ತಿವೆ. ದೋಣಿಗಳನ್ನೆಲ್ಲ ಮೇಲೆಳೆದು ಬೋರಲು ಹಾಕಿದರು. ಮರುದಿನವೂ ಅದೇ. ಗಂಡಸರು ದಡದಲ್ಲಿ ಗಾಳದ ದಾರ ಸರಿಮಾಡುತ್ತಾ, ಕಬ್ಬಿನ ಹೆಂಡ ಹೀರುತ್ತಾ, ಹೋದ ವರ್ಷದ ಮೀನನ್ನು ಈ ವರ್ಷ ಇನ್ನಷ್ಟು ಉದ್ದ ಮಾಡುತ್ತಾ ಕೂತರು.

ಬಟ್ಟೆ ಒಣಹಾಕುತ್ತಿದ್ದ ಇಲಾರಿಯಾಳಿಗೆ ತಟ್ಟನೆ ಹೊಳೆಯಿತು. ಸಮುದ್ರ ಕೆಟ್ಟಿದೆ, ಆಕಾಶ ಚೆನ್ನಾಗಿದೆ. ದೋಣಿ ದಡದಲ್ಲಿದೆ, ಹುಲ್ಲು ಮನೆಯಲ್ಲಿದೆ. ಏಳು ವರ್ಷ ಕಾದ ದಿನ ಇದೇ! ಒದ್ದೆ ಬಟ್ಟೆಯನ್ನು ಬುಟ್ಟಿಯಲ್ಲೇ ಬಿಟ್ಟು ದಡಕ್ಕೆ ಓಡಿದಳು.

"ಏಳು. ಇವತ್ತು ಮಾಡು ಬಿಚ್ಚೋಣ. ದೋಣಿ ನೀರಲ್ಲಿಲ್ಲ."

ಗಾಸ್ಪರ್ ಸಮುದ್ರದ ಕಡೆ ನೋಡಿದ. "ಅಲೆ ಬರ್ತಿದೆ ಅಂದ್ರೆ ಎಲ್ಲೋ ಗಾಳಿ ಎದ್ದಿದೆ ಅಂತ. ಎರಡು ದಿನ ನೋಡೋಣ."

"ಅದು ಜಪಾನ್ ಕಡೆ ಹೋಗ್ತಿದೆಯಂತೆ. ರೇಡಿಯೋದವನು ಹೇಳ್ದ."

"ರೇಡಿಯೋದವನು ಮನಿಲಾದಲ್ಲಿ ಕೂತು ಹೇಳ್ತಾನೆ. ಅವನ ತಲೆ ಮೇಲೆ ಕಾಂಕ್ರೀಟ್ ಇದೆ."

"ನನ್ನ ತಲೆ ಮೇಲೆ ಏನಿದೆ? ಹೇಳು, ಇವರೆಲ್ಲರ ಮುಂದೆ ಹೇಳು. ಏನಿದೆ?"

ಯಾರೋ ಕಿಸಕ್ಕನೆ ನಕ್ಕರು. ಗಾಸ್ಪರ್ ಮುಖ ಕೆಂಪಾಗಿಸಿಕೊಂಡು ದಾರದ ಸಿಕ್ಕು ಬಿಡಿಸತೊಡಗಿದ. ಇಲಾರಿಯಾ ಮತ್ತೊಂದು ಮಾತಾಡದೆ ಮನೆಗೆ ಬಂದಳು. ಗೆಣಸು ಅಗೆಯುವಾಗ ಬಳ್ಳಿ ಕಡಿಯುವ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿದಳು, ಏಣಿ ಒರಗಿಸಿದಳು, ಹತ್ತಿದಳು.

ಮೊದಲ ಗಂಟು ಕತ್ತರಿಸುವ ಮುಂಚೆ ದಡದಲ್ಲಿ ಬೋರಲು ಬಿದ್ದ ದೋಣಿಗಳ ಕಡೆ ಒಮ್ಮೆ ನೋಡಿದಳು. ಎರಡನೆಯದಕ್ಕೆ ನೋಡಲಿಲ್ಲ. ಆಮೇಲೆ ಅವಳಿಗೆ ತಡೆಯೇ ಇರಲಿಲ್ಲ. ಬೆತ್ತದ ಸೀಳುಗಳನ್ನು ಕಡಿದು, ಕೊಳೆತ ಹುಲ್ಲನ್ನು ಎರಡೂ ಕೈಯಿಂದ ಬಾಚಿ ಕೆಳಗೆಸೆದಳು. ಒಂದೊಂದು ಹಿಡಿಗೂ ಒಂದೊಂದು ವರ್ಷದ ಸಿಟ್ಟು. ಮೂಗಿಗೆ ಬಾಯಿಗೆಲ್ಲ ಕರಿಹುಡಿ. ಒಂದು ಇಲಿ ಸಂಸಾರ ಸಮೇತ ಓಡಿ ಹೋಯಿತು. ಕೊನ್ರಾಡಾ ಕೆಳಗೆ ನಿಂತು, "ಅಯ್ಯೋ ಇಳಿಯೇ! ಹುಚ್ಚು ಹಿಡೀತಾ ನಿನಗೆ?" ಎಂದು ಬೊಬ್ಬೆ ಹಾಕುತ್ತಿದ್ದರೂ ಅವಳು ಇಳಿಯಲಿಲ್ಲ. ಹೊತ್ತು ನೆತ್ತಿಗೆ ಬರುವುದರೊಳಗೆ ಸಮುದ್ರದ ಕಡೆಯ ಮಾಡು ಪೂರ್ತಿ ಬೋಳಾಗಿ, ರೀಪುಗಳ ಸಂದಿಯಿಂದ ಮಂಚ, ಒಲೆ, ಕನ್ಯಾಮರಿಯಮ್ಮನ ಪಟ ಎಲ್ಲ ಬಿಸಿಲಿಗೆ ಬಿದ್ದವು.

ಸುದ್ದಿ ಮುಟ್ಟಿ ಗಾಸ್ಪರ್ ಓಡಿ ಬಂದ. ಅಂಗಳದ ಕಸದ ರಾಶಿಯ ನಡುವೆ ನಿಂತು ಮೇಲೆ ನೋಡಿದ. ಬೈಯುತ್ತಾನೆ ಅಂದುಕೊಂಡಿದ್ದಳು ಇಲಾರಿಯಾ, ಬೈಗುಳಕ್ಕೆ ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದಳು. ಅವನು ಬೈಯಲಿಲ್ಲ. ಮೆಲ್ಲಗೆ ಕಲ್ಲಿನ ಮೆಟ್ಟಿಲ ಮೇಲೆ ಕೂತ.

"ಏನ್ ಮಾಡ್ಬಿಟ್ಟೆ ಇಲಾರಿಯಾ?"

"ನೀನು ಮಾಡದೇ ಇದ್ದದ್ದು. ಹೋಗು, ಸಿಲ್ವೆರಿಯೊ ಮಾವನ ಮನೇಲಿ ಶಂಖ ಇದೆ. ತಂದು ಊದು. ಗಂಡಸರೆಲ್ಲ ದಡದಲ್ಲೇ ಇದಾರೆ, ಸಂಜೆಗೆ ಅರ್ಧ ಮುಗಿಯುತ್ತೆ."

ಅವನು ಏಳಲಿಲ್ಲ. ಅವಳು ಏಣಿ ಇಳಿದು ಬಂದು ಎದುರು ನಿಂತಳು. "ಕಿವಿ ಕೇಳಿಸ್ತಾ? ಶಂಖ ಊದು ಅಂದೆ."

"ಊದಿದ್ರೆ ಯಾರು ಬರ್ತಾರೆ?"

"ಯಾರು ಬರ್ತಾರೆ ಅಂದ್ರೆ? ಊರು ಬರುತ್ತೆ."

"ಯಾರ ಮಾಡಿಗೂ ನಾನು ಹತ್ತಿಲ್ಲ," ಅಂದ ಗಾಸ್ಪರ್. ನೆಲ ನೋಡುತ್ತಾ ಅಂದ. "ಸಿಲ್ವೆರಿಯೊ ಮಾವನದಕ್ಕೂ ಹೋಗ್ಲಿಲ್ಲ, ಅವರ ತಮ್ಮನದಕ್ಕೂ ಹೋಗ್ಲಿಲ್ಲ. ಮೀನು ಸಿಗ್ತಿತ್ತು, ಹೋಗ್ತಿದ್ದೆ. ಒಂದು ವರ್ಷ ತಪ್ಪಿಸ್ದೆ, ಎರಡು ವರ್ಷ ತಪ್ಪಿಸ್ದೆ. ಆಮೇಲೆ ಯಾವ ಮುಖ ಇಟ್ಕೊಂಡು ಹೋಗ್ಲಿ? ನನ್ನ ಸರದಿ ಬಂದಾಗ ಶಂಖ ಊದಿ, ಇಲ್ಲೇ ಅಂಗಳದಲ್ಲಿ ಕಾಯ್ತಾ ನಿಂತು, ಒಬ್ಬನೂ ಬರ್ದೇ ಇದ್ರೆ?"

ಹಾಗಾದರೆ ಮೀನೂ ಅಲ್ಲ, ಗಾಳಿಯೂ ಅಲ್ಲ, ಗಂಟೂ ಅಲ್ಲ. ಏಳು ವರ್ಷ ಅವಳು ಆಕಾಶ ನೋಡಿ, ಕ್ಯಾಲೆಂಡರ್ ನೋಡಿ, ಹುಲ್ಲಿನ ತೆನೆ ಮುಟ್ಟಿ ನೋಡಿ ಋತು ಹುಡುಕಿದ್ದೆಲ್ಲ ದಂಡ. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಮಾಡು ಕಿತ್ತ ಮೇಲೆ ಈಗ ಹೇಳುತ್ತಾನಲ್ಲ! ಅದರ ಜೊತೆಗೇ ಅವನ ಭಯ ಅವಳದೂ ಆಯಿತು. ನಿಜವಾಗಿಯೂ ಯಾರೂ ಬರದಿದ್ದರೆ? ಇವತ್ತು ತಾನು ತೆರೆದಿಟ್ಟ ಮನೆಯನ್ನು ಮುಚ್ಚುವವರು ಯಾರು?

ಆದರೂ ಹೋದಳು. ಸಿಲ್ವೆರಿಯೊನ ಮನೆಯಲ್ಲಿ ಯಾರೂ ಇರಲಿಲ್ಲ. ಬಾಗಿಲ ಪಕ್ಕ ನೇತಾಡುತ್ತಿದ್ದ ಶಂಖವನ್ನು ತೆಗೆದುಕೊಂಡು ರಸ್ತೆಯ ನಡುವೆ ನಿಂತು ಊದಿದಳು. ಹೆಂಗಸರು ಊದುವ ರೂಢಿಯಿಲ್ಲ. ಮೊದಲು ಬರೀ ಉಸಿರು ಬಂತು. ಆಮೇಲೆ ಒಡಕು ದನಿ, ಮೂರು ಸಲ. ಮನೆಗೆ ಬಂದು ಅಂಗಳದಲ್ಲಿ ನಿಂತಳು. ಗಾಸ್ಪರ್ ಮೆಟ್ಟಿಲ ಮೇಲೆ ತಲೆ ಬಗ್ಗಿಸಿಕೊಂಡೇ ಇದ್ದ. ಕೊನ್ರಾಡಾ ತನ್ನ ಮನೆಯೊಳಗೆ ಹೋದದ್ದು ಕಂಡಿತು. ದಡದ ಕಡೆಯಿಂದ ಅಲೆಯ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಬಿಸಿಲು ಬೋಳು ರೀಪುಗಳ ನೆರಳನ್ನು ಮಂಚದ ಮೇಲೆ ಚೆಲ್ಲಿತ್ತು. ಅಷ್ಟು ಹೊತ್ತು ಇಲಾರಿಯಾ ಜೀವಮಾನದಲ್ಲಿ ಯಾವತ್ತೂ ಕಾದಿರಲಿಲ್ಲ.

ಮೊದಲು ಬಂದವಳು ಕೊನ್ರಾಡಾಳೇ, ಕಂಕುಳಲ್ಲಿ ಪಾತ್ರೆ, ತಲೆಯ ಮೇಲೆ ಗೆಣಸಿನ ಬುಟ್ಟಿ. ಅವಳ ಹಿಂದೆ ಇನ್ನಿಬ್ಬರು ಹೆಂಗಸರು, ಕೊಬ್ಬಿನಲ್ಲಿ ಹುದುಗಿಸಿಟ್ಟ ಹಂದಿಮಾಂಸದ ಜಾಡಿ ಹೊತ್ತುಕೊಂಡು. ಆಮೇಲೆ ರಸ್ತೆಯ ತಿರುವಿನಲ್ಲಿ ಕತ್ತಿ, ಬೆತ್ತದ ಸುರುಳಿ ಹಿಡಿದ ಗಂಡಸರು. ಎಲ್ಲರ ಮುಂದೆ ಕೋಲೂರಿಕೊಂಡು ಸಿಲ್ವೆರಿಯೊ.

"ಯಾರಯ್ಯಾ ಅದು ಶಂಖ ಊದಿದ್ದು? ಕರು ಕೂಗಿದ ಹಾಗಿತ್ತು," ಅಂದ ಮುದುಕ. ಮಾಡನ್ನು ನೋಡಿದ, ಅಂಗಳದ ರಾಶಿ ನೋಡಿದ. "ಒಬ್ಬಳೇ ಕಿತ್ಯೇನೇ? ಪರವಾಗಿಲ್ಲ ಕಣೇ!"

ಗಾಸ್ಪರ್ ಎದ್ದು ನಿಂತ. "ಮಾವ, ನೀವು ಬಂದ್ರಲ್ಲ. ನಾನಂತೂ ನಿಮ್ಮ..."

"ನಿನ್ನ ಮನೆಗೆ ಬಂದಿಲ್ಲಪ್ಪ ನಾವು," ಅಂದ ಸಿಲ್ವೆರಿಯೊ, ದನಿ ಏರಿಸದೆ. "ನಮ್ಮ ಮಾಡು ಹೊದಿಸಿದ ದಿನ ಏಣಿ ಜಾರಿ ನನ್ನ ಮಗ ಬೀಳ್ತಿದ್ದ. ಕೆಳಗೆ ಹೆಗಲು ಕೊಟ್ಟು ತಡೆದವಳು ಇವಳು. ತಿಂಗಳು ಕೈ ಎತ್ತೋಕಾಗಿರಲಿಲ್ಲ ಇವಳಿಗೆ. ನಿನಗೆ ಗೊತ್ತಿತ್ತೇನು? ಇವಳು ಯಾವಾಗ ಕರೀತಾಳೆ ಅಂತ ನಾವೆಲ್ಲ ಕಾಯ್ತಿದ್ವಿ. ಕರೀದೇ ಇರೋ ಮನೆಗೆ ನಾವಾಗೇ ಹೋಗೋ ಹಾಗಿಲ್ಲ ನೋಡು."

ಗಾಸ್ಪರ್ ಕತ್ತಿ ತೆಗೆದುಕೊಂಡು ಏಣಿಯತ್ತ ನಡೆದ. ಮುದುಕ ಕೋಲು ಅಡ್ಡ ಹಿಡಿದ. "ಮೇಲೆ ಕಟ್ಟೋದು ಕೈ ಪಳಗಿದವರ ಕೆಲಸ. ನೀನು ಹೆಂಗಸರ ಜೊತೆ ನಿಂತು ಹುಲ್ಲು ಕೊಡು."

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವನು ಬಂದು ಸಾಲಿನಲ್ಲಿ ನಿಂತ, ಇಲಾರಿಯಾಳ ಪಕ್ಕದಲ್ಲಿ. ಬಣವೆಯಿಂದ ಕಟ್ಟು ಅವಳ ಕೈಗೆ, ಅವಳಿಂದ ಅವನ ಕೈಗೆ, ಅವನಿಂದ ಏಣಿಯ ಮೇಲಿದ್ದವನಿಗೆ. ಮೇಲೆ ಏಳೆಂಟು ಜನ ಸಾಲಾಗಿ ಕೂತು ಹುಲ್ಲು ಹಾಸಿ, ಬಡಿದು, ಬೆತ್ತ ಬಿಗಿದರು. ಸಂಜೆಯ ಹೊತ್ತಿಗೆ ಸಮುದ್ರದ ಕಡೆಯ ಇಳಿಜಾರು ಮುಚ್ಚುತ್ತಾ ಬಂತು. ನಾಳೆ ಇನ್ನೊಂದು ಕಡೆ ಎಂದು ಕೂಗಿ ಹೇಳಿದರು. ಒಲೆಯ ಮೇಲೆ ಅರಿಸಿನದ ಅನ್ನ ಬೇಯುತ್ತಿತ್ತು.

ಕಟ್ಟು ದಾಟಿಸುತ್ತಾ ಗಾಸ್ಪರ್ ದನಿ ತಗ್ಗಿಸಿದ. "ನಿಂಗೆ ಹೇಳ್ಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ. ನಾಚಿಕೆ ಆಗ್ತಿತ್ತು ಕಣೇ."

ಇಲಾರಿಯಾ ಎರಡೂ ಕೈಯಲ್ಲಿ ಕಟ್ಟು ಹಿಡಿದು ನಿಂತಳು. ಹೊಸ ಮಾಡಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಸಂತೋಷವಾಗಬೇಕಿತ್ತು, ಆಗಲಿಲ್ಲ. ಏಳು ವರ್ಷದ ಒದ್ದೆ ಚಾಪೆ, ರಾತ್ರಿ ಎದ್ದೆದ್ದು ಪಾತ್ರೆ ಇಟ್ಟದ್ದು, ಪಾದ್ರಿಗಳ ತಲೆ, ಎಲ್ಲ ಒಟ್ಟಿಗೆ ನೆನಪಿಗೆ ಬಂತು.

"ನಾಚಿಕೆ ನಿಂದು," ಅಂದಳು. "ನೆಂದವಳು ನಾನು."

ಮೇಲಿನಿಂದ ಹುಲ್ಲು ಕೊಡಿ ಎಂದು ಕೂಗಿದರು. ಅವಳು ಕಟ್ಟನ್ನು ಅವನ ಕೈಗೆ ಹಾಕಿ ಮುಂದಿನದಕ್ಕೆ ಬಗ್ಗಿದಳು.