ನಿದ್ದೆಯಲ್ಲಿ ಹಲ್ಲು ಕಡಿಯುವ ಟೈಲರಕ್ಕ

ಟೈಲರಕ್ಕನ ಅಂಗಡಿಗೆ ಅಂದು ಬಂದದ್ದು ಎಂದಿನಂಥ ಕೆಲಸವಲ್ಲ. ಹೊಸದಾಗಿ ಕಟ್ಟಿದ ನಾಟಕಶಾಲೆಗೆ ಪರದೆ ಹೊಲಿಯಬೇಕಿತ್ತು. ಮಖಮಲ್ಲು ಬಟ್ಟೆ, ಮೂರಾಳು ಎತ್ತರ, ಉದ್ದಕ್ಕೂ ನೆರಿಗೆ. ಅಕ್ಕಪಕ್ಕದ ಅಂಗಡಿಯವರೆಲ್ಲ ಬಂದು ಬಟ್ಟೆಯ ಮಾದರಿಯನ್ನು ಮುಟ್ಟಿ ಮುಟ್ಟಿ ನೋಡಿದರು. ಮಗಳಿಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಗುತ್ತೋ ಇಲ್ಲವೋ ಸಂಜೆಯೊಳಗೆ ತಿಳಿಸಿ ಎಂದು ನಾಟಕಶಾಲೆಯ ಮ್ಯಾನೇಜರು ಹೇಳಿ ಹೋಗಿದ್ದರು.

ಆಗುವುದಿಲ್ಲ ಎಂದುಬಿಡಬೇಕೆಂದು ಟೈಲರಕ್ಕ ಒಳಗೊಳಗೇ ತೀರ್ಮಾನಿಸಿದ್ದಳು.

ಮೂರು ತಿಂಗಳಿಂದ ಬೆಳಿಗ್ಗೆ ಏಳುವಾಗಲೇ ಅವಳ ಕಣ್ಣಿನ ಪಕ್ಕದ ಕಣತಲೆ ಸಿಡಿಯುತ್ತಿತ್ತು. ಕಣ್ಣು ಹೋಗುತ್ತಿದೆ ಎಂದೇ ಅವಳ ಎಣಿಕೆ. ಕನ್ನಡಕವನ್ನು ಎರಡು ಸಲ ಬದಲಾಯಿಸಿದ್ದಾಯಿತು. ಕಣ್ಣಿಗೇನೂ ಆಗಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದ್ದರೂ, ಸಮಾಧಾನಕ್ಕೆ ಹೇಳುತ್ತಾರೆ ಎಂದುಕೊಂಡಿದ್ದಳು. ಅಷ್ಟು ದೊಡ್ಡ ಪರದೆಯನ್ನು ಅರ್ಧಕ್ಕೆ ಕೈಬಿಟ್ಟರೆ ಮತ್ತೆ ಯಾರು ಅವಳ ಕೈಗೆ ಬಟ್ಟೆ ಕೊಡುತ್ತಾರೆ?

ಇದರ ಜೊತೆಗೆ ಮಗಳದೊಂದು ದೂರು. ಅಮ್ಮ ರಾತ್ರಿಯೆಲ್ಲ ಕರಕರ ಹಲ್ಲು ಕಡಿಯುತ್ತಾಳೆ, ಪಕ್ಕದಲ್ಲಿ ಮಲಗುವುದೂ ಒಂದೇ, ಕಲ್ಲು ಒಡೆಯುವ ಕಡೆ ಮಲಗುವುದೂ ಒಂದೇ ಎನ್ನುತ್ತಿದ್ದಳು. ಅದು ಹೊಟ್ಟೆಹುಳದ ಕಾಟ ಎಂದು ಅತ್ತೆ ಸೊಸೆಗೆ ಎರಡು ಸಲ ಮಾತ್ರೆ ನುಂಗಿಸಿದ್ದರು.

ಮಧ್ಯಾಹ್ನ ಹಲ್ಲಿನ ಆಸ್ಪತ್ರೆಯ ನರ್ಸಮ್ಮ ತನ್ನ ಬಿಳಿ ಕೋಟಿನ ಅಳತೆ ನೋಡಿಸಲು ಬಂದಳು. ಟೈಲರಕ್ಕ ಮೊಣಕಾಲೂರಿ ಕೂತು, ಎಂದಿನಂತೆ ನಾಲ್ಕು ಪಿನ್ನುಗಳನ್ನು ಹಲ್ಲಲ್ಲಿ ಕಚ್ಚಿಕೊಂಡು, ಒಂದೊಂದಾಗಿ ತೆಗೆದು ಕೋಟಿನ ಅಂಚಿಗೆ ಚುಚ್ಚಿದಳು.

ನರ್ಸಮ್ಮ ಬಗ್ಗಿ ಅವಳ ಮುಖವನ್ನೇ ನೋಡಿದಳು. "ಅಕ್ಕಾ, ಪಿನ್ನು ಮುಗೀತು. ಈಗ ಏನನ್ನ ಕಚ್ಕೊಂಡಿದೀರಿ?"

ಟೈಲರಕ್ಕ ಬಾಯಿಗೆ ಕೈ ಹಾಕಿ ನೋಡಿಕೊಂಡಳು. ಪಿನ್ನಿಲ್ಲ, ಹಲ್ಲು ಮಾತ್ರ ಬಿಗಿದೇ ಇತ್ತು. ಬಾಯಿ ಮುಚ್ಚಿದ ಮೇಲೆ ಹಲ್ಲಿಗೆ ಹಲ್ಲು ತಾಗಬೇಕಲ್ಲವೇ ಎಂದಳು.

"ಊಟ ಮಾಡೋವಾಗ ತಾಗಲಿ. ಸುಮ್ನೆ ಇರೋವಾಗ ತುಟಿ ಕೂಡಿರ್ಬೇಕು, ಹಲ್ಲು ಬಿಟ್ಟಿರ್ಬೇಕು."

ಬೆಳಿಗ್ಗೆ ದವಡೆ ಹಿಡಿದುಕೊಂಡಿರುತ್ತದೆಯೇ, ತಲೆ ನೋಯುತ್ತದೆಯೇ, ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆಯೇ ಎಂದು ನರ್ಸಮ್ಮ ಕೇಳಿದಳು. ಮೂರಕ್ಕೂ ಹೌದು. ರಾತ್ರಿಯ ಸದ್ದಿನ ವಿಷಯವನ್ನು ಮಗಳೇ ರೆಕ್ಕೆಪುಕ್ಕ ಸೇರಿಸಿ ಹೇಳಿದಳು. ಮೂಲೆಯ ಕುರ್ಚಿಯಿಂದ ಅತ್ತೆ ಹುಳದ ಮಾತೆತ್ತಿದರು.

"ಎರಡು ಸಲ ಮಾತ್ರೆ ಕೊಟ್ರಲ್ಲ ಅಜ್ಜಿ, ಸದ್ದು ನಿಲ್ತಾ?"

"ಹುಳ ಹಟಮಾರಿ ಇರ್ಬೇಕು," ಎಂದರು ಅತ್ತೆ, "ಇವಳ ಹಾಗೇ."

ನರ್ಸಮ್ಮ ನಕ್ಕು, ಹುಳಕ್ಕೂ ಇದಕ್ಕೂ ಗಂಟು ಹಾಕಬೇಡಿ ಎಂದಳು. ಆಮೇಲೆ ಟೈಲರಕ್ಕನ ಕೈಗೆ ಕನ್ನಡಿ ಕೊಟ್ಟು ಕೋರೆಹಲ್ಲು ತೋರಿಸಿದಳು. ಚೂಪಾಗಿರಬೇಕಾದದ್ದು ಬಳಸಿದ ಸೀಮೆಸುಣ್ಣದಂತೆ ಚಪ್ಪಟೆಯಾಗಿತ್ತು. ಮನಸ್ಸಿನ ಚಿಂತೆ, ಹೊತ್ತು ಮುಳುಗಿದ ಮೇಲಿನ ಕಾಫಿ, ಬೀಡಿ ಸಿಗರೇಟು, ಹೆಂಡ, ಕೆಲವು ಔಷಧಿ, ಇವೆಲ್ಲ ಹಲ್ಲು ಕಡಿಯುವುದನ್ನು ಹೆಚ್ಚು ಮಾಡಬಹುದು. ಜೋರು ಗೊರಕೆ, ನಡುನಡುವೆ ಉಸಿರು ಕಟ್ಟುವುದು ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು ಎಂದಳು. ಬೆಳಗಿನ ತಲೆನೋವಿಗೆ ಇದೇ ಕಾರಣವಿರಬಹುದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಟೈಲರಕ್ಕ ಅಳತೆಪಟ್ಟಿಯನ್ನು ಕೊರಳಲ್ಲೇ ಬಿಟ್ಟುಕೊಂಡು ನರ್ಸಮ್ಮನ ಹಿಂದೆ ಆಸ್ಪತ್ರೆಗೆ ಹೊರಟಳು.

ಹಲ್ಲಿನ ಡಾಕ್ಟರು ಅವಳ ಕಣ್ಣಿನ ಕಥೆಯನ್ನೂ ಕೇಳಿಕೊಂಡು, ದವಡೆಯ ಮೂಲೆಯನ್ನು, ಕಣತಲೆಯನ್ನು ಬೆರಳಿಂದ ಒತ್ತಿದರು. ಟೈಲರಕ್ಕ ಕುರ್ಚಿಯಿಂದ ಅರ್ಧ ಎದ್ದಳು. ದಿನಾ ಬೆಳಿಗ್ಗೆ ಬರುವ ನೋವು ಅದೇ, ಅದೇ ಜಾಗ.

"ಹಾಗಾದ್ರೆ ನನ್ನ ಕಣ್ಣು?"

"ಕಣ್ಣಿನ ಡಾಕ್ಟರು ಸರಿ ಇದೆ ಅಂದ್ರಲ್ಲ. ನಿಮ್ಮ ನೋವು ದವಡೆಯ ಸ್ನಾಯುವಿಂದು. ರಾತ್ರಿಯೆಲ್ಲ ದುಡಿಸಿದ್ರೆ ಅದೂ ದಣಿಯುತ್ತೆ."

ರಾತ್ರಿ ಹಾಕಿಕೊಳ್ಳಲು ಹಲ್ಲಿನ ಅಳತೆಗೆ ಒಂದು ಕವಚ ಮಾಡಿಕೊಡುತ್ತೇನೆ, ಕಡಿಯುವ ಅಭ್ಯಾಸವನ್ನು ಅದು ಪೂರ್ತಿ ನಿಲ್ಲಿಸದಿದ್ದರೂ ಹಲ್ಲು ಸವೆಯದಂತೆ ಕಾಯುತ್ತದೆ ಎಂದು ಅವರು ವಿವರಿಸಿದರು. ಟೈಲರಕ್ಕನಿಗೆ ತಟ್ಟನೆ ಹೊಳೆಯಿತು. ಬಟ್ಟೆ ಇಡದೆ ಖಾಲಿ ಮಷೀನು ತುಳಿದರೆ ಬಟ್ಟೆ ಎಳೆಯುವ ಲೋಹದ ಹಲ್ಲು ಸವೆಯುತ್ತದೆ ಎಂದು ಕಲಿಯಲು ಬರುವ ಹುಡುಗಿಯರನ್ನು ಅವಳೇ ಗದರುತ್ತಿದ್ದಳು. "ಅಂದ್ರೆ ನಡುವೆ ಒಂದು ತುಂಡು ಬಟ್ಟೆ ಇಟ್ಟ ಹಾಗೆ," ಎಂದಳು. ಡಾಕ್ಟರು ಅದನ್ನು ಬೇರೆ ರೋಗಿಗಳಿಗೂ ಹೇಳುತ್ತೇನೆ ಎಂದರು.

ಆಸ್ಪತ್ರೆಯಿಂದ ಅವಳು ಮನೆಗೆ ಹೋಗಲಿಲ್ಲ. ನೇರ ನಾಟಕಶಾಲೆಗೆ ನಡೆದು ಮ್ಯಾನೇಜರ ಮುಂದೆ ನಿಂತು, "ಹೊಲೀತೀನಿ. ಏಣಿ ತರಿಸಿ, ಈಗಲೇ ಅಳತೆ ತಗೋತೀನಿ," ಎಂದಳು.

ಕವಚ ಬಂದಾಗ ಎಡಮೂಲೆಯಲ್ಲಿ ಚೂರು ಬಿಗಿಯಿತ್ತು. ಹೊಂದದ ಉಡುಪನ್ನು ಸಹಿಸುವವಳಲ್ಲ ಟೈಲರಕ್ಕ; ಮತ್ತೆ ಹೋಗಿ ಸರಿಮಾಡಿಸಿಕೊಂಡಳು. ಪಿನ್ನುಗಳು ಬಾಯಿಂದ ಮಣಿಕಟ್ಟಿಗೆ ಕಟ್ಟಿದ ಪುಟ್ಟ ಮೆತ್ತೆಗೆ ಬಂದವು. ಸಂಜೆಯ ಕಾಫಿ ನಿಂತಿತು. ಮಲಗುವ ಮುಂಚೆ ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ದವಡೆಗೆ ಇಟ್ಟುಕೊಳ್ಳುವುದು ರೂಢಿಯಾಯಿತು. ಹಗಲಲ್ಲಿ ಹಲ್ಲು ಬಿಗಿದದ್ದು ಕಂಡರೆ ಅತ್ತೆಯೇ ಕುರ್ಚಿಯಿಂದ, "ಬಿಡೇ ಹಲ್ಲು," ಎಂದು ಕೂಗುತ್ತಿದ್ದರು. ವಾರ ಕಳೆದಂತೆ ತಲೆನೋವು ಇಳಿಯಿತು. ಪರದೆ ಮೊದಲ ಸಲ ಮೇಲೇರಿದ ದಿನ ಜನ ನಾಟಕಕ್ಕಿಂತ ಮೊದಲೇ ಚಪ್ಪಾಳೆ ತಟ್ಟಿದರು.

ಈಗ ನಿಮ್ಮನ್ನೇ ಕೇಳುತ್ತೇವೆ: ಇದನ್ನು ಓದುವಾಗ ನಿಮ್ಮ ಹಲ್ಲು ಬಿಗಿದಿದೆಯೇ? ಸಡಿಲ ಬಿಡಿ. ನಿದ್ದೆಯಲ್ಲಿ ಮಾಡುವುದು ನಮಗೆ ತಿಳಿಯುವುದಿಲ್ಲ, ಪಕ್ಕದಲ್ಲಿ ಮಲಗುವವರನ್ನು ಕೇಳಿ. ಅವರು ಹೌದೆಂದರೆ ಜಗಳವಾಡಬೇಡಿ, ಹಲ್ಲಿನ ಡಾಕ್ಟರ ಬಳಿ ಹೋಗಿ ಬಾಯಿ ತೆರೆಯಿರಿ. ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ನೀವಾಗಿ ನಿಲ್ಲಿಸಬೇಡಿ. ಮಗು ಹಲ್ಲು ಕಡಿದರೆ ಬೈಯಬೇಡಿ. ಬಹಳ ಮಕ್ಕಳಲ್ಲಿ ಬೆಳೆಯುತ್ತ ತಾನೇ ನಿಲ್ಲುತ್ತದೆ, ಆದರೂ ಒಮ್ಮೆ ತೋರಿಸಿ. ಸವೆದ ಹಲ್ಲು ಮತ್ತೆ ಬೆಳೆಯುವುದಿಲ್ಲ, ಉಳಿದದ್ದನ್ನು ಇಂದೇ ಕಾಯೋಣ.