ಸಹಿ ಹಾಕಿದರೆ ಸಾಲದು, ಟಿಕ್ಕೂ ಹಾಕಿ

ಸೋಮವಾರ ಬೆಳಿಗ್ಗೆ ಎಂಟು ಗಂಟೆಯಾದರೆ ಸಾಕು, ನಮ್ಮ ಎದುರು ಮನೆಯ ತೇಜಸ್ವಿನಿಗೆ ಹೊಟ್ಟೆನೋವು ಬರುತ್ತಿತ್ತು. ಶನಿವಾರ ಬರುವುದಿಲ್ಲ, ಭಾನುವಾರ ಬರುವುದಿಲ್ಲ. ಡಾಕ್ಟರಿಗೆ ಎರಡು ಸಲ ತೋರಿಸಿದರು, ಏನೂ ಇಲ್ಲ ಎಂದರು. ಬೆಂಗಳೂರಿನ ಅಜ್ಜಿ ಫೋನಿನಲ್ಲಿ ಓಮಿನ ಕಷಾಯ ಹೇಳಿದರು, ಅದೂ ಆಯಿತು. ದೃಷ್ಟಿಯನ್ನೂ ತೆಗೆದರು. ಹೊಟ್ಟೆನೋವು ಮಾತ್ರ ಹೋಗಲಿಲ್ಲ.

ನನ್ನ ಹೆಸರು ಇಂದು. ಆಸ್ಟ್ರೇಲಿಯಾದ ಕ್ರಾನ್‌ಬರ್ನ್‌ಗೆ ಬಂದು ಒಂಬತ್ತು ವರ್ಷವಾಯಿತು. ನನ್ನ ಮಗ ಆಕಾಶ್ ಮತ್ತು ತೇಜಸ್ವಿನಿ ಓದುವುದು ಒಂದೇ ಶಾಲೆಯಲ್ಲಿ. ಅಲ್ಲಿ ಅಪ್ಪ ಅಮ್ಮಂದಿರೂ ಟೀಚರುಗಳೂ ಸೇರಿ ಶಾಲೆಯ ನಿಯಮಗಳನ್ನು ತೀರ್ಮಾನಿಸುವ ಸ್ಕೂಲ್ ಕೌನ್ಸಿಲ್ ಇದೆ. ಅದರಲ್ಲಿ ನಾನೂ ಒಬ್ಬಳು. ನನ್ನ ಬಾಯಿ ಸ್ವಲ್ಪ ಜೋರು ಎಂದು ಹೆಸರಿದೆ. ಇರಲಿ.

ಅವತ್ತೂ ಸೋಮವಾರ. ತೇಜಸ್ವಿನಿಯ ಅಮ್ಮ ಶ್ರೀವಿದ್ಯಾ ಫೋನ್ ಮಾಡಿದಳು.

"ಇಂದು ಅಕ್ಕ, ಸ್ವಲ್ಪ ಬರ್ತೀರಾ? ಬಾತ್‌ರೂಮಲ್ಲಿ ಚಿಲಕ ಹಾಕ್ಕೊಂಡು ಕೂತಿದಾಳೆ. ಸ್ಕೂಲಿಗೆ ಹೋಗಲ್ವಂತೆ."

ಹೋದೆ. ಬಾಗಿಲ ಹಿಡಿಗೆ ಒಂದು ಗುಲಾಬಿ ಫ್ರಾಕ್ ನೇತುಹಾಕಿತ್ತು. ಮೈ ತುಂಬ ಚಮಕಿ, ಸೊಂಟಕ್ಕೆ ದೊಡ್ಡ ಬೋ. ಚಿಕ್ಕಪೇಟೆಯಲ್ಲಿ ಅಜ್ಜಿ ಪ್ರೀತಿಯಿಂದ ಆರಿಸಿ ಕಳಿಸಿದ್ದು. ಬೆಳೆಯುವ ಮಗು ಎಂದು ಎರಡು ಸೈಜ್ ದೊಡ್ಡದನ್ನೇ ತೆಗೆದಿದ್ದರು. ಅಂಥವು ಬೀರುವಿನಲ್ಲಿ ಇನ್ನೂ ಆರು ಇದ್ದವು.

"ತೇಜು, ಆಂಟಿ ಹತ್ರ ಹೇಳು ಕಂದಾ. ಏನಾಯ್ತು?"

ಒಳಗಿನಿಂದ ಸಣ್ಣ ದನಿ ಬಂತು. "ದೇ ಸಿಂಗ್ ದ ಬರ್ತ್‌ಡೇ ಸಾಂಗ್, ಆಂಟಿ. ಎವ್ರಿ ಡೇ."

ಆಗ ಗೊತ್ತಾಯಿತು. ನಮ್ಮ ಶಾಲೆಗೆ ಯೂನಿಫಾರಂ ಇರಲಿಲ್ಲ. ಉಳಿದ ಮಕ್ಕಳು ಟೀ ಶರ್ಟು, ಜೀನ್ಸ್ ಹಾಕಿಕೊಂಡು ಬರುತ್ತಿದ್ದರು. ಇವಳು ಚಮಕಿ ಫ್ರಾಕ್ ಹಾಕಿಕೊಂಡು ಹೋದ ಮೊದಲ ದಿನ ಯಾರೋ, ಇವತ್ತು ನಿನ್ನ ಬರ್ತ್‌ಡೇನಾ, ಎಂದು ಕೇಳಿದರು. ಮರುದಿನ ನಾಲ್ಕು ಹುಡುಗಿಯರು ಸೇರಿ ಹಾಡಿದರು. ಆಮೇಲೆ ಅದೇ ಆಟವಾಯಿತು. ದಿನಾ ಚಪ್ಪಾಳೆ, ದಿನಾ ಹಾಡು, ಆಮೇಲೆ ಕಿಸಿಕಿಸಿ ನಗು. ಶ್ರೀವಿದ್ಯಾ ಸೆರಗಿಲ್ಲದ ಚೂಡಿದಾರದ ತುದಿಯಲ್ಲೇ ಕಣ್ಣು ಒರೆಸಿಕೊಂಡಳು.

"ಸಿಡ್ನಿಯಲ್ಲಿರೋ ನಮ್ಮಣ್ಣನ ಮಕ್ಕಳಿಗೆ ಯೂನಿಫಾರಂ ಇದೆ. ಅವಕ್ಕೆ ಈ ಗೋಳೇ ಇಲ್ಲ ನೋಡಿ," ಎಂದಳು.

ಅವಳ ಗಂಡ ಯತೀಶ್ ಆಫೀಸಿಗೆ ಹೊರಟು ನಿಂತಿದ್ದರು.

"ಯೂನಿಫಾರಂ ಎಲ್ಲಾ ಬೇಡಪ್ಪ. ಹತ್ತು ವರ್ಷ ನಾನು ಟೈ ಕಟ್ಟಿ, ಬೆಲ್ಟ್ ಹಾಕಿ, ಶೂ ಪಾಲಿಶ್ ಇಲ್ಲ ಅಂತ ಬಿಸಿಲಲ್ಲಿ ನಿಂತಿದೀನಿ. ಇಲ್ಲಾದ್ರೂ ಮಕ್ಕಳು ಆರಾಮಾಗಿರಲಿ. ಸಂಜೆ ಎರಡು ಟೀ ಶರ್ಟ್ ತಂದ್ರೆ ಮುಗೀತು."

"ಎಲ್ಲಿ ಮುಗಿಯುತ್ತೆ ಯತೀಶ್? ನನ್ನ ಮಗನಿಗೆ ಟೀ ಶರ್ಟ್ ತಂದೆ. ಆಮೇಲೆ ಶೂ ಯಾವ ಕಂಪನಿದು ಅಂತ ಕೇಳಿದ್ರು. ಅದಾದ್ಮೇಲೆ ಜಾಕೆಟ್. ಇನ್ನು ಇಲ್ಲಿ ಯಾರು ಟೈ ಬೆಲ್ಟ್ ಹಾಕು ಅಂದ್ರು ನಿಮಗೆ? ಕಾಲರ್ ಇರೋ ಒಂದು ನೀಲಿ ಟೀ ಶರ್ಟು, ಚಳಿಗೆ ಸ್ವೆಟರ್ ಥರ ಜಂಪರ್, ಬಿಸಿಲಿಗೆ ಹ್ಯಾಟು. ಹುಡುಗೀರಿಗೆ ಪ್ಯಾಂಟ್ ಬೇಕಾ ಪ್ಯಾಂಟು, ಸ್ಕರ್ಟ್ ಬೇಕಾ ಸ್ಕರ್ಟು. ಹೋದ ತಿಂಗಳು ಮನೆಗೆ ಬಂದ ಫಾರಂನಲ್ಲಿ ಇದೆಲ್ಲಾ ಬರೆದಿತ್ತಲ್ಲ!"

"ಯಾವ ಫಾರಂ?"

"ಹಳದಿ ಹಾಳೆ. ಯೂನಿಫಾರಂ ಬೇಕಾ, ಬೇಡ್ವಾ ಅಂತ ಕೇಳಿದ್ದು. ಎಣಿಸೋಕೆ ನಾನೇ ಕೂತಿದ್ದೆ. ಬೇಡ ಅಂದೋರು ಅರವತ್ತೊಂದು, ಬೇಕು ಅಂದೋರು ಐವತ್ತೆಂಟು. ಮೂರೇ ಮೂರು ವೋಟಲ್ಲಿ ಸೋತ್ವಿ. ಇನ್ನೂ ಐದು ಫಾರಂ ಇತ್ತು. ಕೆಳಗೆ ಚೆಂದದ ಸಹಿ, ಮೇಲೆ ಏನೂ ಇಲ್ಲ. ಐದೂ ನಮ್ಮ ಜನರದ್ದೇ. ಲೆಕ್ಕಕ್ಕೇ ಬರಲಿಲ್ಲ."

ಯಾರ್‍ಯಾರದು ಎಂದು ನಾನು ಹೇಳಲಿಲ್ಲ, ಹೇಳುವಂತೆಯೂ ಇಲ್ಲ. ಆದರೆ ಯತೀಶ್ ಕೈಯಲ್ಲಿದ್ದ ಕಾರ್ ಕೀ ಕೆಳಗಿಟ್ಟರು.

"ಟಿಕ್ ಬೇರೆ ಹಾಕಬೇಕಿತ್ತಾ?"

ಅಯ್ಯೋ ರಾಮ! ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಊರಿನಲ್ಲಿ ಪ್ರೋಗ್ರೆಸ್ ಕಾರ್ಡಿಗೆ ನಮ್ಮ ಅಪ್ಪಂದಿರು ಹೀಗೇ ಸಹಿ ಹಾಕುತ್ತಿದ್ದರು. ಟೀಚರ್ ಕಳಿಸಿದ್ದಾರೆ, ಸಹಿ ಹಾಕು, ವಾಪಸ್ ಕೊಡು. ಆ ಅಭ್ಯಾಸ ನಮ್ಮ ಜೊತೆ ವಿಮಾನ ಹತ್ತಿ ಇಲ್ಲಿಗೂ ಬಂದಿದೆ.

"ಶಾಲೆಯವರು ಏನೋ ತೀರ್ಮಾನ ಮಾಡಿ ತಿಳಿಸಿದಾರೆ ಅಂದ್ಕೊಂಡೆ," ಎಂದರು ಯತೀಶ್. "ನಮ್ಮನ್ನ ಕೇಳ್ತಾರೆ ಅಂತ ಯಾರಿಗ್ರೀ ಗೊತ್ತು?"

"ಬೇಡ ಅನ್ನಿಸಿದ್ರೆ ಬೇಡ ಅಂತಾದ್ರೂ ಹಾಕಿ, ನನಗೇನೂ ಬೇಜಾರಿಲ್ಲ. ಖಾಲಿ ಕಳಿಸಬೇಡಿ. ಅಳದೇ ಇದ್ರೆ ಹೆತ್ತ ತಾಯಿನೂ ಹಾಲು ಕೊಡಲ್ಲ."

"ಈಗ ಎಲ್ಲಾ ಮುಗಿದೇ ಹೋಯ್ತಾ?" ಶ್ರೀವಿದ್ಯಾ ಕೇಳಿದಳು.

"ಇಲ್ಲ. ಕಡೇ ತೀರ್ಮಾನಕ್ಕೆ ಮುಂಚೆ ನಾಳೆ ಸಂಜೆ ಕೌನ್ಸಿಲ್ ಅಪ್ಪ ಅಮ್ಮಂದಿರ ಮಾತು ಕೇಳುತ್ತೆ. ನೀನು ಬಂದು ಮಾತಾಡು. ಕಾಡಿಸ್ತಾರೆ ಅನ್ನೋದನ್ನ ಮಾತ್ರ ಇವತ್ತೇ ಟೀಚರ್‌ಗೆ ಹೇಳು. ಅದಕ್ಕೆ ಯಾವ ವೋಟೂ ಬೇಕಿಲ್ಲ."

"ನನ್ನ ಇಂಗ್ಲಿಷ್‌ನಲ್ಲಾ ಅಕ್ಕ?"

"ಕನ್ನಡದಲ್ಲೇ ಹೇಳೇ. ನಾನಿದೀನಲ್ಲ ಪಕ್ಕದಲ್ಲಿ."

ತೇಜು ಚಿಲಕ ತೆಗೆದು ಹೊರಗೆ ಬಂದಳು, ಶ್ರೀವಿದ್ಯಾ ಶಾಲೆಗೆ ಹೋಗಿ ಹೇಳಿದಳು. ಟೀಚರ್ ಅವತ್ತೇ ಆ ನಾಲ್ವರನ್ನು ಕರೆದು ಮಾತಾಡಿಸಿದರು. ಹಾಡು ನಿಂತಿತು. ಕಿಸಿಕಿಸಿ ಮಾತ್ರ ಪೂರ್ತಿ ನಿಲ್ಲಲಿಲ್ಲ.

ಮಂಗಳವಾರ ಸಂಜೆ ಲೈಬ್ರರಿಯಲ್ಲಿ ಸುಮಾರು ಮೂವತ್ತು ಜನ ಸೇರಿದ್ದರು. ಒಬ್ಬ ತಾಯಿ ಎದ್ದು, ಮಕ್ಕಳ ಇಷ್ಟವನ್ನು ಕಿತ್ತುಕೊಳ್ಳಬಾರದು ಎಂದರು. ಆ ಮಾತಿಗೂ ತೂಕವಿತ್ತು. ಆಮೇಲೆ ಶ್ರೀವಿದ್ಯಾ ನಿಂತಳು. ಅನುವಾದಿಸಲು ನಾನೂ ಪಕ್ಕದಲ್ಲಿ ನಿಂತೆ. ಆದರೂ ಯಾರ ಸಹಾಯವೂ ಇಲ್ಲದೆ ಇಂಗ್ಲಿಷಿನಲ್ಲೇ ನಾಲ್ಕು ಮಾತು ಹೇಳಿದಳು.

"ನನ್ನ ಮಗಳಿಗೆ ವರ್ಷಕ್ಕೆ ಒಂದೇ ಹುಟ್ಟುಹಬ್ಬ. ಈ ಶಾಲೆಯಲ್ಲಿ ಅವಳಿಗೆ ದಿನಾ ಹುಟ್ಟುಹಬ್ಬ ಮಾಡ್ತಾರೆ. ಈಗ ಅವಳಿಗೆ ಶಾಲೆಯೂ ಬೇಡ, ಹುಟ್ಟುಹಬ್ಬವೂ ಬೇಡ. ದಯವಿಟ್ಟು ಇನ್ನೊಂದು ಸಲ ಎಲ್ಲರನ್ನೂ ಕೇಳಿ."

ಇಷ್ಟ ಕಿತ್ತುಕೊಳ್ಳಬಾರದು ಎಂದ ತಾಯಿಯೇ ಎದ್ದು ಬಂದು ಅವಳ ಕೈ ಹಿಡಿದುಕೊಂಡರು.

ಕೌನ್ಸಿಲ್ ಒಪ್ಪಿತು, ಫಾರಂ ಇನ್ನೊಮ್ಮೆ ಮನೆಮನೆಗೆ ಹೋಯಿತು. ಈ ಸಲ ಯತೀಶ್ ಪೂರ್ತಿ ಓದಿ, "ಬೇಕು" ಎಂಬಲ್ಲಿ ಟಿಕ್ ಹಾಕಿದರು. ಅಷ್ಟಕ್ಕೇ ಸುಮ್ಮನಿರಲಿಲ್ಲ. ಶಾಲೆಯ ಉಳಿದ ಕನ್ನಡದವರಿಗೆಲ್ಲ ಫೋನ್ ಮಾಡಿ, "ಸಹಿ ಒಂದೇ ಅಲ್ಲ ಸಾರ್, ಟಿಕ್ಕೂ ಹಾಕಬೇಕು," ಎಂದು ದೊಡ್ಡ ಮೇಷ್ಟ್ರ ಹಾಗೆ ಪಾಠ ಮಾಡಿದರು. ಈ ಬಾರಿ ಯೂನಿಫಾರಂ ಹನ್ನೊಂದು ವೋಟಿನಿಂದ ಗೆದ್ದಿತು.

ಜುಲೈ ತಿಂಗಳ ಟರ್ಮಿನಿಂದ ಎಲ್ಲರಿಗೂ ನೀಲಿ ಟೀ ಶರ್ಟ್ ಬಂತು. ಸೋಮವಾರದ ಹೊಟ್ಟೆನೋವು ಹೋಯಿತು. ಎರಡನೇ ವಾರಕ್ಕೆ ತೇಜು ಜಂಪರ್ ಕಳೆದುಕೊಂಡು ಬಂದಳು. ಮಕ್ಕಳು ಎಂದ ಮೇಲೆ ಅಷ್ಟೇ. ಹೆಸರು ಬರೆದಿದ್ದರಿಂದ ಮರುದಿನ ಸಿಕ್ಕಿತು.

ಆಗಸ್ಟಿನಲ್ಲಿ ಒಂದು ದಿನ ಮಕ್ಕಳನ್ನು ಕರೆದುಕೊಂಡು ಬರಲು ಹೋದಾಗ ಅವಳ ಕ್ಲಾಸಿನಿಂದ ಅದೇ ಹಾಡು ಕೇಳಿಸಿತು. ಓಡಿ ಹೋಗಿ ಕಿಟಕಿಯಲ್ಲಿ ಇಣುಕಿದೆ. ನೀಲಿ ಟೀ ಶರ್ಟಿನ ಇಪ್ಪತ್ತನಾಲ್ಕು ಮಕ್ಕಳ ನಡುವೆ ತೇಜು ನಿಂತು ಕೇಕ್ ಕತ್ತರಿಸುತ್ತಿದ್ದಳು. ಅವತ್ತು ಅವಳಿಗೆ ನಿಜವಾಗಿಯೂ ಒಂಬತ್ತು ತುಂಬಿತ್ತು. ಆ ನಾಲ್ವರು ಹುಡುಗಿಯರೂ ಹಾಡುತ್ತಿದ್ದರು. ತೇಜು ನಗುತ್ತಿದ್ದಳು.

ಈಗ ನಿಮಗೆ ಒಂದು ಮಾತು. ಇವತ್ತು ಮನೆಗೆ ಹೋದ ತಕ್ಷಣ ಮಗುವಿನ ಬ್ಯಾಗ್ ತೆಗೆದು ನೋಡಿ. ಬಾಳೆಹಣ್ಣಿನ ಸಿಪ್ಪೆಯ ಕೆಳಗೆ ಮುದುರಿಕೊಂಡು ಒಂದು ಹಾಳೆ ಬಿದ್ದಿರುತ್ತದೆ. ಅದನ್ನು ಓದಿ. ಅರ್ಥವಾಗದಿದ್ದರೆ ಶಾಲೆಯವರನ್ನು ಕೇಳಿ, ಇಲ್ಲವೇ ನನ್ನಂಥ ಬಾಯಿಬಡುಕಿಯನ್ನು ಕೇಳಿ, ನಾಚಿಕೆ ಬೇಡ. ಬೇಕೋ ಬೇಡವೋ ಯೋಚಿಸಿ ಟಿಕ್ ಹಾಕಿ, ಆಮೇಲೆ ಸಹಿ ಹಾಕಿ. ನಿಮ್ಮ ಮಗುವಿನ ಶಾಲೆ ನಿಮ್ಮನ್ನು ಕೇಳುತ್ತಿದೆ, ಉತ್ತರ ಕೊಡಿ.